ಜಿಪಿಎ 2.33 ಇದೆ, ಆದರೂ ಮಗನಿಗೆ ‘ಸ್ಯಾಪ್ ವಾರ್ನಿಂಗ್’ ಬಂದಿದೆ. ಮುಂದೇನು?

ಎಡಿಸನ್ ಅಮ್ಮ | ಜನವರಿ 11, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಮಗ ಇಲ್ಲೇ ನ್ಯೂಜೆರ್ಸಿಯ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ. ಎರಡು ವರ್ಷದ ಹಿಂದೆ ಯಜಮಾನರ ಕೆಲಸ ಹೋಯಿತು. ಈಗ ಕೆಲಸ ಇದೆ, ಆದರೆ ಮೊದಲಿನ ಸಂಬಳ ಇಲ್ಲ. ಹಾಗಾಗಿ ಅವನಿಗೆ ಸ್ವಲ್ಪ ಪೆಲ್ ಗ್ರಾಂಟ್ (ಫೆಡರಲ್, ಅಂದರೆ ಕೇಂದ್ರ ಸರ್ಕಾರ ಕೊಡುವ, ವಾಪಸ್ ಕಟ್ಟಬೇಕಿಲ್ಲದ ಹಣ), ರಾಜ್ಯದ ಕಡೆಯಿಂದ ಸ್ವಲ್ಪ ಗ್ರಾಂಟ್, ಮೇಲೆ 5,500 ಡಾಲರ್ ಫೆಡರಲ್ ಸಾಲ ಸಿಕ್ಕಿದೆ. ಇದರಲ್ಲೇ ಹೇಗೋ ನಡೆಯುತ್ತಿದೆ.

ನಿನ್ನೆ ಊಟ ಆದಮೇಲೆ ಬಂದು "ಅಮ್ಮ, ಒಂದು ಮಾತು ಹೇಳಬೇಕು, ಅಪ್ಪನಿಗೆ ಈಗಲೇ ಹೇಳಬೇಡ" ಅಂದ. ನನ್ನ ಎದೆ ಧಸಕ್ ಅಂತು. ನೋಡಿದರೆ ಕಾಲೇಜಿನ ಫೈನಾನ್ಷಿಯಲ್ ಏಡ್ (ಹಣಕಾಸಿನ ನೆರವು) ಆಫೀಸಿನಿಂದ ಇಮೇಲ್. ‘ಸ್ಯಾಪ್ ವಾರ್ನಿಂಗ್’ ಅಂತೆ. ಸ್ಯಾಪ್ ಅಂದರೆ ಸ್ಯಾಟಿಸ್ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್. ನೀನು ತೃಪ್ತಿಕರವಾಗಿ ಓದಿನಲ್ಲಿ ಮುಂದೆ ಹೋಗುತ್ತಿಲ್ಲ, ಹೀಗೇ ಆದರೆ ಏಡ್ ನಿಲ್ಲುತ್ತದೆ ಅಂತ ಬರೆದಿದ್ದಾರೆ.

ಅವನ ಮೊದಲ ಸೆಮಿಸ್ಟರ್ ಹೀಗಿತ್ತು: ಪ್ರೋಗ್ರಾಮಿಂಗ್ (4 ಕ್ರೆಡಿಟ್) ಬಿ, ಬರವಣಿಗೆ (3) ಎ, ಫ್ರೆಶ್‌ಮನ್ ಸೆಮಿನಾರ್ (1) ಎ, ಕೆಮಿಸ್ಟ್ರಿ (4) ಎಫ್. ಕ್ಯಾಲ್ಕುಲಸ್ (4) ಕಷ್ಟ ಆಗಿ ಹತ್ತನೇ ವಾರದಲ್ಲಿ ಬಿಟ್ಟ, ಡಬ್ಲ್ಯೂ (ವಿತ್‌ಡ್ರಾ) ಬಂದಿದೆ. ಒಂದು ಫೇಲ್ ಆಗಿದೆ, ಒಪ್ಪುತ್ತೇನೆ. ಆದರೆ ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, 2.33 ಇದೆ. ಬೇಕಾಗಿರುವುದು 2.0. ಮತ್ತೆ ಈ ಕಾಗದ ಯಾಕೆ? ಆಫೀಸಿಗೆ ಫೋನ್ ಮಾಡಿದರೆ "ನಿಮ್ಮ ಹತ್ತಿರ ಮಾತಾಡಲು ಆಗುವುದಿಲ್ಲ, ವಿದ್ಯಾರ್ಥಿಯೇ ಮಾತಾಡಬೇಕು" ಅಂದರು. ಹೆತ್ತ ತಾಯಿಗೇ ಹೇಳುವುದಿಲ್ಲವಂತೆ!

ಬೆಣ್ಣೆದೋಸೆ ಡಲ್ಲಾಸ್ | ಜನವರಿ 12, ಬೆಳಿಗ್ಗೆ 6:15

ಅಕ್ಕಾ, ತಲೆಬರಹ ನೋಡಿ ಸ್ಯಾಪ್ ಅಂದರೆ ನಾನು ಹದಿನೈದು ವರ್ಷದಿಂದ ಕೂಲಿ ಮಾಡುತ್ತಿರುವ ಸಾಫ್ಟ್‌ವೇರ್ ಅಂದುಕೊಂಡೆ. ಒಳಗೆ ಬಂದು ನೋಡಿದರೆ ಇದು ಬೇರೆ ಸ್ಯಾಪ್. ವಾರ್ನಿಂಗ್ ಕೊಡುವುದರಲ್ಲಿ ಮಾತ್ರ ಎರಡೂ ಒಂದೇ.

ತಮಾಷೆಗೆ ಹೇಳಿದೆ, ಬೇಜಾರಾಗಬೇಡಿ. ಗೊತ್ತಿರುವವರು ಬರುತ್ತಾರೆ, ಇರಿ. ಕೂಡುಕಳೆ ಮೇಡಂ ಎಲ್ಲಿದ್ದೀರಿ?

ಹಳೇಬೇರು | ಜನವರಿ 12, ಬೆಳಿಗ್ಗೆ 7:02

ತಂಗೀ, ಸುಮ್ನೆ ಗಾಬರಿ ಆಗಬೇಡ. ನಾವೆಲ್ಲ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಎರಡು ಮೂರು ಸಬ್ಜೆಕ್ಟ್ ಕ್ಯಾರಿ ಓವರ್ ಇಟ್ಟುಕೊಂಡೇ ಮುಂದಿನ ವರ್ಷಕ್ಕೆ ಹೋದವರು. ಇಂದು ಎಲ್ಲರೂ ಚೆನ್ನಾಗಿಯೇ ಇದ್ದೇವೆ. ಡಬ್ಲ್ಯೂ ಅಂದರೆ ಏನೂ ಅಲ್ಲ, ಅದು ಲೆಕ್ಕಕ್ಕೇ ಬರುವುದಿಲ್ಲ. ಬೇಕಾದರೆ ಒಂದು ಸೆಮಿಸ್ಟರ್ ಬಿಡಿಸಿ ಮನೆಯಲ್ಲಿ ಇಟ್ಟುಕೋ. ಎಲ್ಲ ಮೊದಲಿನಿಂದ ಶುರುವಾಗುತ್ತದೆ.

ಕೂಡುಕಳೆ | ಜನವರಿ 12, ಮಧ್ಯಾಹ್ನ 12:30

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ನಾನು ಒಂದು ಕಮ್ಯೂನಿಟಿ ಕಾಲೇಜಿನ ಏಡ್ ಆಫೀಸಿನಲ್ಲೇ ಕೆಲಸ ಮಾಡುವುದು. ಯಾವ ಕಾಲೇಜು ಅಂತ ಕೇಳಬೇಡಿ.

ಹಳೇಬೇರು ಸರ್, ಬೇಜಾರು ಮಾಡಿಕೊಳ್ಳಬೇಡಿ, ನೀವು ಹೇಳಿದ ಎರಡೂ ಮಾತು ಇಲ್ಲಿ ನಡೆಯುವುದಿಲ್ಲ. ನನ್ನ ಟೇಬಲ್ ಮುಂದೆ ಅಳುತ್ತಾ ಕೂರುವ ಮಕ್ಕಳಲ್ಲಿ ಎಷ್ಟೋ ಜನ ಈ ಎರಡು ಮಾತು ನಂಬಿ ಬಂದವರೇ.

ಎಡಿಸನ್ ಅಮ್ಮ, ನಿಮ್ಮ ಮಗನ ಲೆಕ್ಕ ನೋಡೋಣ. ನಾವು ಊರಿನಲ್ಲಿ ಮಾರ್ಕ್ಸ್ ಒಂದನ್ನೇ ನೋಡಿ ಬೆಳೆದವರು. ಇಲ್ಲಿ ಏಡ್‌ಗೆ ಮೂರು ತಕ್ಕಡಿ ಇವೆ, ಮೂರರಲ್ಲೂ ತೂಗಬೇಕು. ಮೊದಲನೆಯದು ಜಿಪಿಎ. ಅದರಲ್ಲಿ ನಿಮ್ಮ ಮಗ ಪಾಸು. ಎರಡನೆಯದನ್ನು ಪೇಸ್ ಅನ್ನುತ್ತಾರೆ. ಎಷ್ಟು ಕ್ರೆಡಿಟ್‌ಗೆ ಹೆಸರು ಕೊಟ್ಟೆ, ಅದರಲ್ಲಿ ಎಷ್ಟು ಮುಗಿಸಿದೆ ಅನ್ನುವ ಲೆಕ್ಕ. ಅವನು ಹೆಸರು ಕೊಟ್ಟಿದ್ದು 16. ಮುಗಿಸಿದ್ದು 4+3+1, ಅಂದರೆ 8. ಅರ್ಧಕ್ಕೆ ಅರ್ಧ, ಶೇ. 50. ಬಹಳಷ್ಟು ಕಾಲೇಜುಗಳು ಕೇಳುವುದು ಶೇ. 67. ಕಾಗದ ಬಂದಿರುವುದು ಇದಕ್ಕೆ.

ಈ ಡಬ್ಲ್ಯೂ ಇದೆಯಲ್ಲ, ಅದು ಜಿಪಿಎ ತಕ್ಕಡಿಯಲ್ಲಿ ಗರಿಯಷ್ಟೂ ತೂಗುವುದಿಲ್ಲ. ಪೇಸ್ ತಕ್ಕಡಿಯಲ್ಲಿ ಮಾತ್ರ ಎಫ್‌ನಷ್ಟೇ ಭಾರ. "ಡಬ್ಲ್ಯೂ ತೆಗೆದುಕೊಂಡರೆ ಜಿಪಿಎಗೆ ಏನೂ ಆಗುವುದಿಲ್ಲ" ಅಂತ ಯಾರೋ ಅವನಿಗೆ ಹೇಳಿರುತ್ತಾರೆ. ಅದು ಸುಳ್ಳಲ್ಲ, ಅರ್ಧ ಸತ್ಯ. ಸೆಮಿಸ್ಟರ್ ಶುರುವಿನ ಆಡ್-ಡ್ರಾಪ್ (ಕೋರ್ಸ್ ಸೇರಿಸುವ, ಬಿಡುವ) ದಿನಗಳಲ್ಲಿ ಬಿಟ್ಟಿದ್ದರೆ ಆ ಕೋರ್ಸ್ ಇದ್ದ ಗುರುತೇ ಇರುತ್ತಿರಲಿಲ್ಲ. ಹತ್ತನೇ ವಾರದಲ್ಲಿ ಬಿಟ್ಟರೆ ಅದು ಕಲೆಯಾಗಿ ಉಳಿಯುತ್ತದೆ.

ಮೂರನೆಯದು ಕಾಲದ ಮಿತಿ. ಡಿಗ್ರಿಗೆ ಬೇಕಾದ ಕ್ರೆಡಿಟ್‌ನ ಒಂದೂವರೆ ಪಟ್ಟು, ಶೇ. 150. 120 ಕ್ರೆಡಿಟ್‌ನ ಡಿಗ್ರಿಗೆ 180 ಕ್ರೆಡಿಟ್ ದಾಟಿ ಪ್ರಯತ್ನ ಮಾಡುವಂತಿಲ್ಲ. ಮೊದಲ ವರ್ಷದವನಿಗೆ ಅದು ಇನ್ನೂ ದೂರದ ಮಾತು, ಬಿಡಿ.

ಈಗ ಸಮಾಧಾನದ ವಿಷಯ. ವಾರ್ನಿಂಗ್ ಅಂದರೆ ಏಡ್ ನಿಂತಿಲ್ಲ. ಈ ಒಂದು ಸೆಮಿಸ್ಟರ್ ಪೂರ್ತಿ ಬರುತ್ತದೆ, ಅರ್ಜಿ ಗಿರ್ಜಿ ಏನೂ ಬೇಡ. ಆದರೆ ಮುಂದಿನ ಲೆಕ್ಕದಲ್ಲೂ ಕೆಳಗೆ ಇದ್ದರೆ ಪೆಲ್, ಸಾಲ, ವರ್ಕ್-ಸ್ಟಡಿ (ಓದಿನ ಜೊತೆ ಮಾಡುವ ಕೆಲಸದ ಹಣ), ನೀವು ತೆಗೆಯುವ ಪೇರೆಂಟ್ ಪ್ಲಸ್ ಸಾಲ, ಎಲ್ಲ ಫೆಡರಲ್ ಹಣ ಒಟ್ಟಿಗೇ ನಿಲ್ಲುತ್ತದೆ.

ಈಗ ಹೇಳಿ: ಈ ಸೆಮಿಸ್ಟರ್‌ಗೆ ಎಷ್ಟು ಕ್ರೆಡಿಟ್ ತೆಗೆದುಕೊಂಡಿದ್ದಾನೆ?

ಎಡಿಸನ್ ಅಮ್ಮ | ಜನವರಿ 12, ಮಧ್ಯಾಹ್ನ 1:10

ಮೇಡಂ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮತ್ತೆ 16 ತೆಗೆದುಕೊಂಡಿದ್ದಾನೆ. ಕ್ಯಾಲ್ಕುಲಸ್, ಕೆಮಿಸ್ಟ್ರಿ ಎರಡೂ ಮತ್ತೆ, ಎರಡನೇ ಪ್ರೋಗ್ರಾಮಿಂಗ್ ಕೋರ್ಸ್, ಜೊತೆಗೆ ವರ್ಲ್ಡ್ ಹಿಸ್ಟರಿ. ನಾಲ್ಕೂ ನಾಲ್ಕು ಕ್ರೆಡಿಟ್‌ನವು. ಹಿಂದೆ ಬಿದ್ದಿದ್ದನ್ನು ಹಿಡಿಯಬೇಕು ಅಂತ ಅವನೇ ಮಾಡಿದ್ದು.

ಕೂಡುಕಳೆ | ಜನವರಿ 12, ಸಂಜೆ 7:45

ಹಿಂದೆ ಬಿದ್ದವರು ಓಡಲು ಹೋಗಿ ಮತ್ತೆ ಎಡವುವುದು ಹೀಗೇ.

ಮಗನನ್ನು ಪಕ್ಕ ಕೂರಿಸಿಕೊಂಡು ಈ ಲೆಕ್ಕ ಮಾಡಿಸಿ. 16 ತೆಗೆದುಕೊಂಡು ಮತ್ತೆ ಒಂದು ಕೋರ್ಸ್ ಬಿಟ್ಟ ಅಂತ ಇಟ್ಟುಕೊಳ್ಳಿ. ಮುಗಿಸಿದ್ದು ಒಟ್ಟು 8+12, 20. ಹೆಸರು ಕೊಟ್ಟಿದ್ದು 32. ಶೇ. 62.5. ಏಡ್ ಹೋಯಿತು.

ಅದರ ಬದಲು ಈಗಲೇ, ಆಡ್-ಡ್ರಾಪ್ ಮುಗಿಯುವ ಮೊದಲೇ, ಒಂದು ಕೋರ್ಸ್ ಕಡಿಮೆ ಮಾಡಿ 12 ತೆಗೆದುಕೊಂಡು ಮೂರನ್ನೂ ಪಾಸ್ ಮಾಡಿದರೆ ಮುಗಿಸಿದ್ದು ಅದೇ 20. ಹೆಸರು ಕೊಟ್ಟಿದ್ದು 28. ಶೇ. 71.4. ಏಡ್ ಉಳಿಯಿತು.

ಕಲಿತ ಪಾಠ ಅಷ್ಟೇ, ಪಾಸಾದ ಕೋರ್ಸ್ ಅಷ್ಟೇ, ಬಿಟ್ಟ ತಾರೀಕು ಮಾತ್ರ ಬೇರೆ.

12ಕ್ಕಿಂತ ಕೆಳಗೆ ಇಳಿಸಬೇಡಿ. ಈಗ ಪೆಲ್ ಗ್ರಾಂಟ್ ಕ್ರೆಡಿಟ್ ಲೆಕ್ಕದಲ್ಲೇ ಸಿಗುತ್ತದೆ. 12 ಇದ್ದರೆ ಪೂರ್ತಿ, 9 ಇದ್ದರೆ ಶೇ. 75, 6 ಇದ್ದರೆ ಅರ್ಧ. ರಾಜ್ಯದ ಗ್ರಾಂಟ್‌ಗೂ ಅದರದ್ದೇ ನಿಯಮ ಇರುತ್ತದೆ, ಕೇಳಿಕೊಳ್ಳಿ.

ಆಫೀಸಿನವರು ನಿಮ್ಮ ಹತ್ತಿರ ಮಾತಾಡದೇ ಇದ್ದಿದ್ದಕ್ಕೆ ಕೋಪ ಬೇಡ. ಫರ್ಪಾ ಅಂತ 1974ರ ಕಾನೂನು. ಕಾಲೇಜಿಗೆ ಸೇರಿದ ಮೇಲೆ ದಾಖಲೆಯ ಹಕ್ಕು ವಿದ್ಯಾರ್ಥಿಯದ್ದು, ಅಪ್ಪ ಅಮ್ಮನದ್ದಲ್ಲ. ಅವನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ನಿಮ್ಮ ಹತ್ತಿರವೂ ಮಾತಾಡುತ್ತಾರೆ. ಆದರೆ ನನ್ನ ಅನುಭವ ಕೇಳಿದರೆ, ಮಕ್ಕಳೇ ಬಂದು ಮಾತಾಡಿದರೆ ಕೆಲಸ ಬೇಗ ಆಗುತ್ತದೆ.

ಹಳೇಬೇರು | ಜನವರಿ 12, ರಾತ್ರಿ 9:20

ಕೂಡುಕಳೆ ಅಮ್ಮಾ, ತಪ್ಪು ಹೇಳಿದ್ದರೆ ಕ್ಷಮಿಸಿ. ಆದರೆ ಒಂದು ಸೆಮಿಸ್ಟರ್ ಮನೆಯಲ್ಲಿ ಕೂತರೆ ಯಾಕೆ ಸರಿಹೋಗುವುದಿಲ್ಲ? ಕಾಲೇಜೇ ಹಾಗೆ ಮಾಡಿಸುತ್ತದಲ್ಲ?

ಕೂಡುಕಳೆ | ಜನವರಿ 12, ರಾತ್ರಿ 10:05

ಕ್ಷಮೆ ಏನೂ ಬೇಡ ಸರ್, ಒಳ್ಳೆಯ ಪ್ರಶ್ನೆ. ಮನೆಯಲ್ಲಿ ಕೂತರೆ 8/16 ಹಾಗೇ 8/16 ಆಗಿ ಕಾಯುತ್ತಿರುತ್ತದೆ. ಲೆಕ್ಕ ಬದಲಾಗಬೇಕು ಅಂದರೆ ಕೋರ್ಸ್ ತೆಗೆದುಕೊಂಡು ಪಾಸ್ ಆಗಲೇಬೇಕು. ನೀವು ಹೇಳುತ್ತಿರುವುದು ಕಾಲೇಜಿನ ಅಕಾಡೆಮಿಕ್ ಪ್ರೊಬೇಷನ್, ಡಿಸ್ಮಿಸಲ್ ಇತ್ಯಾದಿ. ಅದನ್ನು ನೋಡುವ ಆಫೀಸ್ ಬೇರೆ, ಏಡ್ ನೋಡುವ ಆಫೀಸ್ ಬೇರೆ. ಒಂದು ಕಡೆ ಕ್ಷಮಿಸಿದರು ಅಂತ ಇನ್ನೊಂದು ಕಡೆ ಕ್ಷಮಿಸುವುದಿಲ್ಲ. ಹಳೆಯ ಕೆಟ್ಟ ಗ್ರೇಡನ್ನು ಕಾಲೇಜು ಜಿಪಿಎಯಿಂದ ತೆಗೆದುಹಾಕಿದರೂ ಏಡ್ ಲೆಕ್ಕದಲ್ಲಿ ಆ ಕ್ರೆಡಿಟ್ ಪ್ರಯತ್ನ ಮಾಡಿದ್ದು ಅಂತಲೇ ಉಳಿಯುತ್ತದೆ.

ಕ್ಯಾರಿ ಓವರ್ ವಿಷಯ. ನಮ್ಮಲ್ಲಿ ಫೇಲಾದರೆ ಪರೀಕ್ಷೆ ಫೀಸು ಕಟ್ಟಿ ಮತ್ತೆ ಪರೀಕ್ಷೆ ಬರೆಯುತ್ತೇವೆ. ಇಲ್ಲಿ ಇಡೀ ಕೋರ್ಸಿಗೆ ಮತ್ತೆ ಹೆಸರು ಕೊಡಬೇಕು, ಪೂರ್ತಿ ಫೀಸು ಕಟ್ಟಬೇಕು, ಹದಿನೈದು ವಾರ ಕೂರಬೇಕು. ಆ ಕ್ರೆಡಿಟ್ ಎರಡು ಸಲ ಎಣಿಕೆಯಾಗುತ್ತದೆ. ಈ ವ್ಯತ್ಯಾಸ ನಮ್ಮ ಅಪ್ಪ ಅಮ್ಮಂದಿರ ತಲೆಗೆ ಹೋಗಲು ಸಮಯ ಬೇಕು. ನನಗೂ ಬೇಕಾಗಿತ್ತು.

ಮಲೆನಾಡ ಮಳೆ | ಜನವರಿ 13, ಬೆಳಿಗ್ಗೆ 1:30

ಆಂಟಿ, ನಾನು ಒಹಾಯೋದಲ್ಲಿ ಓದುತ್ತಿದ್ದೇನೆ, ಈಗ ಕೊನೆಯ ವರ್ಷ. ನನಗೆ ವಾರ್ನಿಂಗ್ ಅಲ್ಲ, ಏಡ್ ನಿಂತೇ ಹೋಗಿತ್ತು. ಆಮೇಲೆ ಅಪೀಲ್ ಹಾಕಿ ವಾಪಸ್ ಪಡೆದೆ. ನಿಮ್ಮ ಮಗನಿಗೆ ಧೈರ್ಯ ಬರಲಿ ಅಂತ ಬರೆಯುತ್ತಿದ್ದೇನೆ.

ಎರಡನೇ ವರ್ಷ ಅಕ್ಟೋಬರ್‌ನಲ್ಲಿ ತೀರ್ಥಹಳ್ಳಿಯಲ್ಲಿ ನಮ್ಮ ಅಜ್ಜಿ ಹೋದರು. ನನ್ನನ್ನು ಬೆಳೆಸಿದ್ದೇ ಅವರು. ಅಮ್ಮನ ಜೊತೆ ಓಡಿದೆ. ಹದಿಮೂರನೇ ದಿನ ಮುಗಿಸಿ ವಾಪಸ್ ಬರುವಷ್ಟರಲ್ಲಿ ಮಿಡ್‌ಟರ್ಮ್‌ಗಳೆಲ್ಲ ಮುಗಿದಿದ್ದವು. ಎರಡು ಕೋರ್ಸ್‌ಗೆ ಡಬ್ಲ್ಯೂ ತೆಗೆದುಕೊಂಡೆ, ಒಂದರಲ್ಲಿ ಫೇಲ್. ನಮ್ಮ ಕಾಲೇಜಿನಲ್ಲಿ ಸ್ಯಾಪ್ ನೋಡುವುದು ವರ್ಷಕ್ಕೆ ಒಂದೇ ಸಲ. ಹಾಗಾಗಿ ವಾರ್ನಿಂಗ್ ಅನ್ನುವ ಮೆಟ್ಟಿಲೇ ಇರಲಿಲ್ಲ. ಮೇ ತಿಂಗಳಲ್ಲಿ ನೇರವಾಗಿ ಸಸ್ಪೆನ್ಷನ್.

ಮೊದಲ ಅಪೀಲ್ ಪತ್ರ ಅಪ್ಪ ಬರೆದುಕೊಟ್ಟರು. ಮೂರು ಪುಟ. ನಮ್ಮ ಮನೆತನ, ಅಜ್ಜಿಯ ಗುಣ, ನಾನು ಪಿಯುಸಿವರೆಗೆ ಎಷ್ಟು ಬುದ್ಧಿವಂತೆಯಾಗಿದ್ದೆ, ಎಲ್ಲ ಇತ್ತು. (ನಾನು ಪಿಯುಸಿ ಓದಿಯೇ ಇಲ್ಲ, ಅದು ಬೇರೆ ಮಾತು.) ಸಾಲದು ಅಂತ ತಿರುಗಿ ಬಂತು. ಆಮೇಲೆ ಗೊತ್ತಾಯಿತು, ಅವರು ಎರಡೇ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಆಗ ಏನಾಯಿತು? ಈಗ ಏನು ಬದಲಾಗಿದೆ? ಅಪ್ಪನ ಪತ್ರದಲ್ಲಿ ಎರಡನೆಯದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಎರಡನೇ ಸಲ ನಾನೇ ಒಂದು ಪುಟ ಬರೆದೆ. ಯಾವ ತಾರೀಕಿಗೆ ಹೋದೆ, ಯಾವಾಗ ಬಂದೆ, ಯಾವ ಪರೀಕ್ಷೆ ತಪ್ಪಿತು. ಬಂದಮೇಲೆ ಯಾರ ಹತ್ತಿರವೂ ಹೇಳಿಕೊಳ್ಳದೆ ರೂಮಿನಲ್ಲೇ ಕೂತಿದ್ದು ನನ್ನ ತಪ್ಪು ಅಂತಲೂ ಬರೆದೆ. ಈಗ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇನೆ, ವಾರಕ್ಕೆ ಇಪ್ಪತ್ತು ಗಂಟೆ ಇದ್ದ ಕೆಲಸವನ್ನು ಹತ್ತಕ್ಕೆ ಇಳಿಸಿದ್ದೇನೆ ಅಂತ ಬರೆದೆ. ಮರಣ ಪ್ರಮಾಣಪತ್ರ, ವಿಮಾನದ ಟಿಕೆಟ್, ಕೌನ್ಸೆಲರ್ ಪತ್ರ ಲಗತ್ತಿಸಿದೆ. ಪ್ರಮಾಣಪತ್ರದಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇತ್ತು, ಹಾಗಾಗಿ ಅನುವಾದದ ತಂಟೆ ಇರಲಿಲ್ಲ. ಮಂಜೂರಾಯಿತು. ಏಡ್ ಪ್ರೊಬೇಷನ್ (ಷರತ್ತಿನ ಮೇಲೆ ಏಡ್), ಜೊತೆಗೆ ಅಕಾಡೆಮಿಕ್ ಪ್ಲಾನ್. ಪ್ಲಾನ್‌ನಲ್ಲಿ ಒಂದೇ ಒಂದು ಡಬ್ಲ್ಯೂ ಕೂಡ ಇರಬಾರದು ಅಂತ ಬರೆದಿದ್ದರು.

ಎಡಿಸನ್ ಅಮ್ಮ | ಜನವರಿ 13, ಬೆಳಿಗ್ಗೆ 8:50

ಪುಟ್ಟೀ, ನಿನ್ನ ಪೋಸ್ಟ್ ಓದಿ ಕಣ್ಣು ತುಂಬಿ ಬಂತು. ಮಗನಿಗೂ ಓದಿಸಿದೆ. "ರೂಮಿನಲ್ಲೇ ಕೂತಿದ್ದು" ಅನ್ನುವ ಕಡೆ ಅವನೂ ಸುಮ್ಮನಾದ. ಅವನದ್ದೂ ಅದೇ ಕಥೆ ಇರಬೇಕು, ನಾನು ಕೇಳಲಿಲ್ಲ.

ಕೂಡುಕಳೆ | ಜನವರಿ 13, ಮಧ್ಯಾಹ್ನ 12:40

ಮಲೆನಾಡ ಮಳೆ, ನಿನ್ನ ಎರಡನೇ ಪತ್ರದಂಥ ಪತ್ರ ಬಂದರೆ ನಮಗೆ ಓದುವುದೇ ಹಗುರ. ಫೆಡರಲ್ ನಿಯಮದಲ್ಲಿ ಬಂಧುಗಳ ಸಾವು, ವಿದ್ಯಾರ್ಥಿಯ ಕಾಯಿಲೆ ಅಥವಾ ಗಾಯ, ಇಲ್ಲವೇ ಬೇರೆ ವಿಶೇಷ ಪರಿಸ್ಥಿತಿ ಅಂತ ಇದೆ. "ಕೋರ್ಸ್ ಕಷ್ಟ ಇತ್ತು" ಅನ್ನುವುದು ಅದರೊಳಗೆ ಬರುವುದು ಕಷ್ಟ. ಇನ್ನೊಂದು ವಿಷಯ, ಅಪೀಲ್‌ನಲ್ಲಿ ಕಾಲೇಜು ಹೇಳಿದ್ದೇ ಕೊನೆಯ ಮಾತು. ವಾಷಿಂಗ್ಟನ್‌ನ ಶಿಕ್ಷಣ ಇಲಾಖೆಗೆ ಮೇಲ್ಮನವಿ ಹಾಕುವ ದಾರಿ ಇಲ್ಲ.

ಎಚ್4 ಅಪ್ಪ | ಜನವರಿ 14, ರಾತ್ರಿ 8:15

ನನ್ನದು ಸ್ವಲ್ಪ ಬೇರೆ ಪ್ರಶ್ನೆ. ಮಗಳು ಎಚ್-4 ವೀಸಾದಲ್ಲಿ (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಇದ್ದಾಳೆ, ಕಾಲೇಜು ಎರಡನೇ ವರ್ಷ. ಫಾಫ್ಸಾದಿಂದ (ಫೆಡರಲ್ ಏಡ್‌ಗೆ ಹಾಕುವ ಅರ್ಜಿ) ನಮಗೆ ಒಂದು ಪೈಸೆಯೂ ಸಿಗುವುದಿಲ್ಲ, ಎಲ್ಲ ಕೈಯಿಂದಲೇ. ಗ್ರೀನ್ ಕಾರ್ಡ್ ಈ ವರ್ಷ ಬರಬಹುದು. ಸದ್ಯಕ್ಕೆ ಈ ಸ್ಯಾಪ್ ತಲೆನೋವು ನಮಗಿಲ್ಲ ಅಂದುಕೊಳ್ಳಬಹುದಾ?

ಕೂಡುಕಳೆ | ಜನವರಿ 14, ರಾತ್ರಿ 9:30

ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಗ್ರೀನ್ ಕಾರ್ಡ್ ಬಂದ ದಿನ ಅವಳು ಫೆಡರಲ್ ಏಡ್‌ಗೆ ಅರ್ಹಳಾಗುತ್ತಾಳೆ, ಸರಿ. ಆದರೆ ಆಗ ಕಾಲೇಜು ನೋಡುವುದು ಅವಳ ಪೂರ್ತಿ ಚರಿತ್ರೆಯನ್ನು. ಏಡ್ ತೆಗೆದುಕೊಳ್ಳದ ಸೆಮಿಸ್ಟರ್‌ಗಳೂ ಲೆಕ್ಕಕ್ಕೆ ಬರುತ್ತವೆ. ಕೈಯಿಂದ ದುಡ್ಡು ಕಟ್ಟಿದ್ದ ಕೋರ್ಸಿನ ಡಬ್ಲ್ಯೂ ಕೂಡ ಡಬ್ಲ್ಯೂನೇ. ಹತ್ತು ವರ್ಷ ಕಾದು ಕಾರ್ಡ್ ಬಂದು, ಮೊದಲ ದಿನವೇ ಸ್ಯಾಪ್ ಇಲ್ಲ ಅಂತ ಏಡ್ ತಪ್ಪಿದ ಮಗುವನ್ನು ನಾನು ನೋಡಿದ್ದೇನೆ. ಅವತ್ತು ನನಗೂ ಊಟ ಸೇರಲಿಲ್ಲ.

ಹೈಸ್ಕೂಲಿನಲ್ಲಿ ಇರುವಾಗಲೇ ಕಮ್ಯೂನಿಟಿ ಕಾಲೇಜಿನ ಕೋರ್ಸ್ ಮಾಡಿಸುವವರೂ ಜ್ಞಾಪಕ ಇಟ್ಟುಕೊಳ್ಳಿ. ಮುಂದೆ ಅದೇ ಕಾಲೇಜಿಗೆ ಸೇರಿದರೆ ಅಲ್ಲಿನ ಎಫ್, ಡಬ್ಲ್ಯೂ ಎಲ್ಲ ಜೊತೆಗೇ ಬರುತ್ತವೆ. ಹದಿನಾರು ವರ್ಷದ ಮಗುವಿಗೆ "ಪಕ್ಕದ ಮನೆಯವರ ಮಗಳು ಮಾಡುತ್ತಿದ್ದಾಳೆ, ನೀನೂ ಮಾಡು" ಅಂತ ಸೇರಿಸುವ ಮುಂಚೆ ಯೋಚನೆ ಮಾಡಿ.

ಎಚ್4 ಅಪ್ಪ | ಜನವರಿ 14, ರಾತ್ರಿ 9:42

ಅಯ್ಯೋ. ಒಳ್ಳೆಯದಾಯಿತು ಕೇಳಿದ್ದು. ಅವಳಿಗೆ ಒಂದು ಡಬ್ಲ್ಯೂ ಇದೆ. ಮಿಕ್ಕಿದ್ದೆಲ್ಲ ಪಾಸು. ಈಗಲೇ ಲೆಕ್ಕ ಮಾಡಿದೆ, ಶೇ. 90ರ ಮೇಲೆ ಇದೆ. ಉಸಿರು ಬಂತು.

ರಾಗಿಮುದ್ದೆ | ಜನವರಿ 15, ಬೆಳಿಗ್ಗೆ 10:20

ನಾನು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಎಂಎಸ್ ಮಾಡುತ್ತಿದ್ದೇನೆ. ಮಂಡ್ಯದಲ್ಲಿ ಬ್ಯಾಂಕ್ ಸಾಲ. ಈ ಶೇ. 67 ನನಗೂ ಇದೆಯಾ?

ಕೂಡುಕಳೆ | ಜನವರಿ 15, ಮಧ್ಯಾಹ್ನ 12:35

ಇಲ್ಲ ತಮ್ಮಾ, ಫೆಡರಲ್ ಏಡ್ ನಿನಗೆ ಇಲ್ಲ, ಹಾಗಾಗಿ ಈ ಸ್ಯಾಪ್ ಕೂಡ ಇಲ್ಲ. ಆದರೆ ನೀನು ಕೋರ್ಸ್ ಬಿಟ್ಟರೆ ಹೋಗುವುದು ದುಡ್ಡಲ್ಲ, ವೀಸಾ. ಫುಲ್ ಟೈಮ್‌ಗಿಂತ ಕೆಳಗೆ ಇಳಿಯುವ ಮೊದಲು ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಬೇಕೇ ಬೇಕು. ಬಿಟ್ಟು ಆಮೇಲೆ ಹೇಳುವುದಲ್ಲ, ಹೇಳಿ ಆಮೇಲೆ ಬಿಡುವುದು. ಅಸಿಸ್ಟೆಂಟ್‌ಶಿಪ್ ಇದ್ದರೆ ಆ ಡಿಪಾರ್ಟ್‌ಮೆಂಟಿನ ಜಿಪಿಎ ನಿಯಮ ಬೇರೆ ಓದಿಕೋ.

ಪೀಚ್‌ಟ್ರೀ | ಜನವರಿ 16, ಸಂಜೆ 6:00

ಅಟ್ಲಾಂಟಾ ಕಡೆಯವರಿಗೆ ಒಂದು ಮಾತು. ಇಲ್ಲಿ ಜಾರ್ಜಿಯಾ ರಾಜ್ಯದ ಹೋಪ್ ಸ್ಕಾಲರ್‌ಶಿಪ್ ಇದೆ, 1993ರಿಂದ. ಲಾಟರಿ ದುಡ್ಡಿನಲ್ಲಿ ನಡೆಯುತ್ತದೆ. ಅದರ ತಕ್ಕಡಿ ಇನ್ನೂ ಬಿಗಿ. 2.0 ಅಲ್ಲ, 3.0. 30, 60, 90 ಕ್ರೆಡಿಟ್ ಪ್ರಯತ್ನ ಮಾಡಿದಾಗ ನಿಲ್ಲಿಸಿ ನೋಡುತ್ತಾರೆ. ನಮ್ಮ ದೊಡ್ಡವಳು 30ರಲ್ಲಿ 2.94 ಇದ್ದು ಕಳೆದುಕೊಂಡಳು. 60ರಲ್ಲಿ ವಾಪಸ್ ಬಂತು. ಹಾಗೆ ವಾಪಸ್ ಬರುವುದು ಒಂದೇ ಸಲ, ಮತ್ತೆ ಕಳೆದರೆ ಕಳೆದ ಹಾಗೇ. ಆ ವರ್ಷ ನಮ್ಮ ಮನೆಯಲ್ಲಿ ಊರಿಗೆ ಹೋಗುವ ಟಿಕೆಟ್ ಕ್ಯಾನ್ಸಲ್.

ಒಂದೇ ಮಗು, ಒಂದೇ ಮಾರ್ಕ್ಸ್ ಕಾರ್ಡ್. ಆದರೆ ಫೆಡರಲ್‌ನವರಿಗೆ ಒಂದು ಗೆರೆ, ರಾಜ್ಯಕ್ಕೆ ಇನ್ನೊಂದು, ಕಾಲೇಜಿನ ಮೆರಿಟ್ ಸ್ಕಾಲರ್‌ಶಿಪ್‌ಗೆ ಮತ್ತೊಂದು. ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಎಡಿಸನ್ ಅಮ್ಮ | ಜನವರಿ 21, ರಾತ್ರಿ 10:10

ಸುದ್ದಿ: ಮಗ ತಾನೇ ಆಫೀಸಿಗೆ ಹೋಗಿ ಮಾತಾಡಿ ಬಂದ. ಅವರೂ ಕೂಡುಕಳೆ ಮೇಡಂ ಹೇಳಿದ್ದನ್ನೇ ಹೇಳಿದರಂತೆ. ಕ್ಯಾಲ್ಕುಲಸ್ ಬಿಟ್ಟಿದ್ದಾನೆ, ಈಗ 12. ಯಜಮಾನರಿಗೂ ಹೇಳಿದೆವು. ಮೊದಲು ಒಂದು ಗಂಟೆ ಕೂಗಾಡಿದರು. "ಎಂಜಿನಿಯರಿಂಗ್ ಸೇರಿ ಕ್ಯಾಲ್ಕುಲಸ್ ಬಿಡುತ್ತಾನಂತೆ, ಮಸಾಲೆ ಇಲ್ಲದ ಮಸಾಲೆದೋಸೆ" ಅಂದರು. ಆಮೇಲೆ ಲೆಕ್ಕ ಬರೆದು ತೋರಿಸಿದೆ. 20/32, 20/28. ಅವರು ಅಕೌಂಟ್ಸ್‌ನವರು. ಎರಡು ಸಲ ನೋಡಿ ಸುಮ್ಮನಾದರು.

ಬೆಣ್ಣೆದೋಸೆ ಡಲ್ಲಾಸ್ | ಜನವರಿ 21, ರಾತ್ರಿ 10:31

ದೋಸೆ ವಿಷಯಕ್ಕೆ ನನ್ನನ್ನು ಕೇಳದೆ ಹೇಳಿಕೆ ಕೊಟ್ಟಿದ್ದಕ್ಕೆ ನನ್ನ ಆಕ್ಷೇಪಣೆ ಇದೆ. ಮಿಕ್ಕಿದ್ದೆಲ್ಲ ಸರಿ.

ಎಡಿಸನ್ ಅಮ್ಮ | ಮಾರ್ಚ್ 24, ರಾತ್ರಿ 9:05

ಮತ್ತೆ ಬಂದೆ. ಕೆಮಿಸ್ಟ್ರಿ ಮಿಡ್‌ಟರ್ಮ್‌ನಲ್ಲಿ ನೂರಕ್ಕೆ 48. ಡಬ್ಲ್ಯೂ ತೆಗೆದುಕೊಳ್ಳಲು ಕೊನೆಯ ದಿನ ಮುಂದಿನ ಶುಕ್ರವಾರ. ಇನ್ನೊಂದು ಎಫ್ ಬಂದರೆ ಜಿಪಿಎ ಬೀಳುತ್ತದೆ ಅಂತ ಅವನಿಗೆ ಹೆದರಿಕೆ. ಬಿಡಿಸಲಾ?

ಹಳೇಬೇರು | ಮಾರ್ಚ್ 24, ರಾತ್ರಿ 9:40

ಈ ಸಲ ನಾನು ಬಾಯಿ ಬಿಡುವುದಿಲ್ಲ. ಲೆಕ್ಕ ಮಾತ್ರ ಹಾಕಿದ್ದೇನೆ. ಬಿಟ್ಟರೆ 16/28, ಶೇ. 57. ಫೇಲಾದರೂ ಅದೇ 57. ಸರಿನಾ ಮೇಡಂ?

ಕೂಡುಕಳೆ | ಮಾರ್ಚ್ 25, ಬೆಳಿಗ್ಗೆ 7:10

ನೂರಕ್ಕೆ ನೂರು ಸರಿ ಸರ್! ಬಿಟ್ಟರೆ ಏಡ್ ಖಂಡಿತ ಹೋಗುತ್ತದೆ. ಬಿಡದೆ ಕೂತರೆ ಉಳಿಯುವ ಅವಕಾಶ ಇದೆ. ಹೆಚ್ಚಿನ ಕಡೆ ಡಿ ಬಂದರೂ ಕ್ರೆಡಿಟ್ ಸಿಗುತ್ತದೆ, ಪೇಸ್ ಲೆಕ್ಕಕ್ಕೆ ಅದು ಪಾಸು. ಎಂಜಿನಿಯರಿಂಗ್‌ನವರು ಕೆಮಿಸ್ಟ್ರಿಯಲ್ಲಿ ಸಿ ಕೇಳಬಹುದು, ಅದು ಆ ಡಿಪಾರ್ಟ್‌ಮೆಂಟಿನ ವಿಷಯ, ಆಮೇಲೆ ನೋಡಿಕೊಳ್ಳೋಣ. ಜಿಪಿಎ ಭಯಕ್ಕೆ ಡಬ್ಲ್ಯೂ ತೆಗೆದುಕೊಂಡು ಪೇಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದೇ ಅವನು ಮೊದಲ ಸಲ ಮಾಡಿದ್ದು.

ಇವತ್ತೇ ಪ್ರೊಫೆಸರ್ ಆಫೀಸ್ ಅವರ್‌ಗೆ ಹೋಗಿ, ಫೈನಲ್‌ನಲ್ಲಿ ಎಷ್ಟು ಬಂದರೆ ಪಾಸಾಗುತ್ತೇನೆ ಅಂತ ನೇರವಾಗಿ ಕೇಳಲಿ. ಟ್ಯೂಟರಿಂಗ್ ಸೆಂಟರ್ ಇದ್ದರೆ ಅಲ್ಲಿಗೂ ಹೋಗಲಿ. ಬಹಳ ಕಾಲೇಜುಗಳಲ್ಲಿ ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ. ನಮ್ಮ ಮಕ್ಕಳಿಗೆ ಅಲ್ಲಿ ಹೋಗುವುದು ಅವಮಾನ ಅನ್ನಿಸುತ್ತದೆ. ಊರಿನಲ್ಲಿ ಟ್ಯೂಷನ್‌ಗೆ ಹೋಗದ ಮಗು ಯಾವುದಿತ್ತು ಹೇಳಿ?

ಏನೇ ಆಗಲಿ, ಹತಾಶನಾಗಿ ಎಲ್ಲ ಕೋರ್ಸ್ ಬಿಟ್ಟು ಮನೆಗೆ ಬರುವ ಯೋಚನೆ ಮಾತ್ರ ಬೇಡ. ಸೆಮಿಸ್ಟರ್‌ನ ಶೇ. 60 ದಾಟುವ ಮೊದಲು ಪೂರ್ತಿ ಬಿಟ್ಟರೆ, ಬಂದಿರುವ ಏಡ್‌ನಲ್ಲಿ ಒಂದು ಪಾಲು ವಾಪಸ್ ಹೋಗುತ್ತದೆ. ಆ ಬಾಕಿ ಕಾಲೇಜಿನ ಬಿಲ್ ಆಗಿ ನಿಮ್ಮ ಮನೆಗೆ ಬರುತ್ತದೆ.

ಮಲೆನಾಡ ಮಳೆ | ಮಾರ್ಚ್ 25, ಸಂಜೆ 5:15

ಆಂಟಿ, ನಾನು ಕೆಮಿಸ್ಟ್ರಿ ಟ್ಯೂಟರ್ ಆಗಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಅವನಿಗೆ ಒಪ್ಪಿಗೆ ಇದ್ದರೆ ಭಾನುವಾರ ರಾತ್ರಿ ಒಂದು ಗಂಟೆ ವಿಡಿಯೋದಲ್ಲಿ ಕೂರುತ್ತೇನೆ. ದುಡ್ಡು ಬೇಡ. ಎಂದಾದರೂ ನಿಮ್ಮ ಕಡೆ ಬಂದರೆ ಊಟ ಹಾಕಿ.

ಎಡಿಸನ್ ಅಮ್ಮ | ಮೇ 19, ಬೆಳಿಗ್ಗೆ 9:00

ರಿಸಲ್ಟ್ ಬಂತು. ಕೆಮಿಸ್ಟ್ರಿ ಸಿ. ಪ್ರೋಗ್ರಾಮಿಂಗ್ ಬಿ. ಹಿಸ್ಟರಿ ಎ. ಒಟ್ಟು 20/28. ಇವತ್ತು ಬೆಳಿಗ್ಗೆ ಪೋರ್ಟಲ್‌ನಲ್ಲಿ ವಾರ್ನಿಂಗ್ ಅನ್ನುವ ಪದ ಹೋಗಿದೆ. ಅವನೇ ಲ್ಯಾಪ್‌ಟಾಪ್ ತಂದು ತೋರಿಸಿದ. ಈ ಸಲ "ಅಪ್ಪನಿಗೆ ಹೇಳಬೇಡ" ಅನ್ನಲಿಲ್ಲ.

ಮಲೆನಾಡ ಮಳೆ, ಏಳು ಭಾನುವಾರ ಕೂತಿದ್ದೀಯ. ಊಟ ಅಂದರೆ ಒಂದು ಹೊತ್ತಿನದಲ್ಲ, ಬಂದು ಒಂದು ವಾರ ಇರು.

ಮೇಡಂ, ಕೊನೆಯ ಪ್ರಶ್ನೆ. ಕ್ಯಾಲ್ಕುಲಸ್ ಬಾಕಿ ಇದೆ. ಬೇಸಿಗೆಯಲ್ಲಿ ಮನೆ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಮಾಡಿದರೆ?

ಕೂಡುಕಳೆ | ಮೇ 19, ಮಧ್ಯಾಹ್ನ 12:30

ತುಂಬಾ ಖುಷಿಯಾಯಿತು! ಮಾಡಬಹುದು, ಒಳ್ಳೆಯ ಯೋಚನೆ. ಆದರೆ ಸೇರುವ ಮೊದಲೇ ಅವನ ಯೂನಿವರ್ಸಿಟಿಯಿಂದ "ಈ ಕೋರ್ಸನ್ನು ಒಪ್ಪುತ್ತೇವೆ" ಅಂತ ಬರಹದಲ್ಲಿ ತೆಗೆದುಕೊಳ್ಳಲಿ. ಒಪ್ಪಿದ ಟ್ರಾನ್ಸ್‌ಫರ್ ಕ್ರೆಡಿಟ್ ಮೇಲೂ ಕೆಳಗೂ ಸೇರುತ್ತದೆ, 24/32. ಅಂದರೆ ಶೇ. 75. ಗ್ರೇಡ್ ಮಾತ್ರ ಸಾಮಾನ್ಯವಾಗಿ ಯೂನಿವರ್ಸಿಟಿಯ ಜಿಪಿಎಗೆ ಸೇರುವುದಿಲ್ಲ. ಏಡ್ ಕಮ್ಯೂನಿಟಿ ಕಾಲೇಜಿಗೆ ತಾನಾಗಿ ಹಿಂಬಾಲಿಸುವುದಿಲ್ಲ, ಹಾಗಾಗಿ ಫೀಸು ಕೈಯಿಂದ ಕಟ್ಟುವ ಲೆಕ್ಕ ಇಟ್ಟುಕೊಳ್ಳಿ.

ಎಡಿಸನ್ ಅಮ್ಮ | ಮೇ 23, ರಾತ್ರಿ 8:20

ಒಪ್ಪಿಗೆ ಪತ್ರ ಬಂತು. ಕ್ಲಾಸ್ ಮಂಗಳವಾರದಿಂದ. ಫೀಸು ಯಜಮಾನರು ಕಟ್ಟಿದರು. ರಸೀದಿ ಹಿಂದೆ ಪೆನ್ಸಿಲಿನಲ್ಲಿ 24/32 ಅಂತ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾರೆ.